ಅಜ್ಜನ ಉಳಿ, ಮೊಮ್ಮಗನ ಕ್ರಷರ್

ಗುಡೇಕೋಟೆಯ ಬೆಟ್ಟವನ್ನೇರಿ ನಿಂತರೆ ಕಣ್ಣು ಹಾಯ್ದಲ್ಲೆಲ್ಲ ಬಂಡೆ. ಪಾಳೆಯಗಾರರು ಈ ಬಂಡೆಗಳ ನಡುವಿನ ಸಂದುಗಳಿಗೆ ಗೋಡೆ ಹಾಕಿ ಕೋಟೆ ಕಟ್ಟಿಕೊಂಡರು. ಉಳಿದದ್ದನ್ನು ಬೆಟ್ಟವೇ ಕಾಯಿತು. ಒನಕೆ ಓಬವ್ವನ ತವರೂರೆಂದು ಜನ ಹೇಳುವುದು ಇದೇ ಊರನ್ನು. ರಾಮನಗರದ ಕಡೆಯಿಂದ ಹಂಪಿಯ ಕಡೆಗೆ ಹಬ್ಬಿರುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಅವುಗಳ ಪೊಟರೆಗಳಲ್ಲಿ ಕರಡಿ ಹಗಲು ಕಳೆಯುತ್ತದೆ, ಮರಿ ಹಾಕುತ್ತದೆ. ಸಂಜೆಯಾದರೆ ಗೆದ್ದಲಿಗೂ ಕಾರೆ, ಬೋರೆ ಹಣ್ಣಿಗೂ ಕೆಳಗಿಳಿಯುತ್ತದೆ. ಈ ಕಾರಣಕ್ಕಾಗಿಯೇ 2013ರಲ್ಲಿ ಇಲ್ಲಿ ಸುಮಾರು 38 ಚದರ ಕಿಲೋಮೀಟರ್ ಪ್ರದೇಶವನ್ನು ಕರಡಿಧಾಮವೆಂದು ಘೋಷಿಸಲಾಯಿತು. ಮುಂದೆ ಅದರ ಎಲ್ಲೆ ವಿಸ್ತರಿಸಿತು.

ಇಂಥ ಬೆಟ್ಟಸೀಮೆಗಳಲ್ಲಿ ಕಲ್ಲುಗಣಿ ಮತ್ತು ಕ್ರಷರ್ ಬಹುಮಟ್ಟಿಗೆ ಮನೆತನದ ಉದ್ಯಮ. ಆ ಮನೆತನಗಳು ತಮ್ಮ ಇತಿಹಾಸವನ್ನು ಹೇಳಿಕೊಳ್ಳುವ ರೀತಿಯೂ ಹೆಚ್ಚುಕಡಿಮೆ ಒಂದೇ: ಅಜ್ಜ ಉಳಿ ಹಿಡಿದ, ಅಪ್ಪ ಲಾರಿ ಕೊಂಡ, ಮಗ ಕ್ರಷರ್ ಹಾಕಿದ. ಕೇಳಲು ಇದು ಏಳಿಗೆಯ ಕಥೆ. ದುಡಿಮೆಯ ಕಥೆಯೂ ಹೌದು, ಅದನ್ನು ಅಲ್ಲಗಳೆಯಲಾರೆ. ಆದರೆ ಆ ಕಥೆಯಲ್ಲಿ ಬೆಟ್ಟ ಎಲ್ಲಿಯೂ ಬರುವುದಿಲ್ಲ.

ಅಜ್ಜನ ಕಾಲದ ಕೆಲಸವನ್ನು ನೋಡಬೇಕಾದರೆ ಹಂಪಿಗೆ ಹೋಗಬೇಕು. ಅಲ್ಲಿನ ಅನೇಕ ಬಂಡೆಗಳ ಮೈಮೇಲೆ ಸಾಲಾಗಿ ಕೊರೆದ ಬೆಣೆಗುಳಿಗಳು ಇಂದಿಗೂ ಉಳಿದಿವೆ. ಕುಳಿ ಕೊರೆದು, ಬೆಣೆ ಬಡಿದು, ಕಲ್ಲಿನ ಎಳೆ ಅರಿತು ಸೀಳುವ ಆ ವಿದ್ಯೆಯನ್ನು ನಮ್ಮ ಸೀಮೆಯಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದವರಲ್ಲಿ ಭೋವಿ ಸಮುದಾಯದವರು ಪ್ರಮುಖರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನನ್ನು ಗುರುವೆಂದು ಭಾವಿಸುವವರು. ಕಂಬಕ್ಕೆ ಒಂದು ಕಲ್ಲು, ಒರಳಿಗೆ ಇನ್ನೊಂದು, ಹಾಸಿಗೆ ಮತ್ತೊಂದು. ಉಳಿಗೆ ಎಲ್ಲ ಕಲ್ಲೂ ಒದಗದು. ಬಿರುಕುಬಿಟ್ಟದ್ದನ್ನು, ಎಳೆ ಕೂಡಿಬಾರದ್ದನ್ನು ಕಲ್ಲುಕುಟಿಗ ಇದ್ದಲ್ಲಿಯೇ ಬಿಟ್ಟು ಮುಂದೆ ಹೋಗುತ್ತಿದ್ದ.

ಕ್ರಷರ್‌ಗೆ ಈ ಆಯ್ಕೆಯಿಲ್ಲ. 1858ರಲ್ಲಿ ಅಮೆರಿಕದ ಈಲೈ ವಿಟ್ನಿ ಬ್ಲೇಕ್ ಎಂಬಾತ ರಸ್ತೆಗೆ ಜಲ್ಲಿ ಒಡೆಯಲೆಂದು ದವಡೆ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಆ ದವಡೆಗೆ ಕಂಬದ ಕಲ್ಲೂ ಒಂದೇ, ಕರಡಿಯ ಗವಿಯ ಕಲ್ಲೂ ಒಂದೇ. ಜಲ್ಲಿಯ ಬೆಲೆ ಕಡಿಮೆ, ತೂಕ ಹೆಚ್ಚು. ದೂರ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಆದ್ದರಿಂದ ಯಂತ್ರ ಬೆಟ್ಟದ ಬುಡದಲ್ಲಿಯೇ, ರಸ್ತೆಯ ಸಮೀಪದಲ್ಲಿಯೇ ಕೂರಬೇಕು. ಯಂತ್ರ ಸಾಲದ್ದಾದರೆ ಕಂತು ಪ್ರತಿ ತಿಂಗಳೂ ಬರುತ್ತದೆ, ಬೇಡಿಕೆಯಿರಲಿ ಇಲ್ಲದಿರಲಿ. ಅಜ್ಜ ಮಳೆಗಾಲದಲ್ಲಿ ಉಳಿ ಕೆಳಗಿಟ್ಟು ಹೊಲಕ್ಕೆ ಹೋಗಬಹುದಿತ್ತು. ಮೊಮ್ಮಗನಿಗೆ ಆ ಸ್ವಾತಂತ್ರ್ಯವಿಲ್ಲ. ನದಿ ಮರಳಿಗೆ ನಿರ್ಬಂಧ ಬಂದ ಮೇಲೆ ಎಂ-ಸ್ಯಾಂಡ್‌ನ ಬೇಡಿಕೆಯೂ ಸೇರಿಕೊಂಡಿತು. 2010ರ ದಶಕದಲ್ಲಿ ಕೂಡ್ಲಿಗಿಯ ಮೇಲೆ ಹಾದುಹೋಗುವ ಚಿತ್ರದುರ್ಗ-ಹೊಸಪೇಟೆ ಹೆದ್ದಾರಿ ನಾಲ್ಕು ಪಥವಾಯಿತು. ನಾವೆಲ್ಲರೂ ಅದರ ಮೇಲೆ ಬಸ್ಸಿನಲ್ಲಿ ಓಡಾಡುವವರೇ.

ದೂಳಿನ ಲೆಕ್ಕ ಬೇರೆಯೇ ಇದೆ. ಗ್ರಾನೈಟಿನ ಸೂಕ್ಷ್ಮ ಸಿಲಿಕಾ ಕಣ ಪುಪ್ಪುಸದಲ್ಲಿ ನೆಲೆಸಿದರೆ ಬರುವ ಸಿಲಿಕೋಸಿಸ್ ಗುಣವಾಗದ ರೋಗ. ಅನೇಕ ಸಲ ಅದನ್ನು ಕ್ಷಯವೆಂದು ತಿಳಿದು ಔಷಧ ಕೊಡುವುದರಿಂದ, ಸತ್ತವನ ಹೆಸರು ಕ್ವಾರಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಸಿಡಿಮದ್ದಿನ ಸಾವುಗಳಾದರೋ ಸುದ್ದಿಯಾಗುತ್ತವೆ: 2021ರ ಜನವರಿ 21ರಂದು ಶಿವಮೊಗ್ಗದ ಹುಣಸೋಡಿನಲ್ಲಿ, ಮರುತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ. ಎರಡನೆಯದರಲ್ಲಿ ಆರು ಮಂದಿ ಸತ್ತರು. ಎರಡೂ ಕಲ್ಲುಗಣಿಗೆಂದು ತಂದ ಸ್ಫೋಟಕಗಳೇ.

ಕಾನೂನು ಇಲ್ಲವೆನ್ನುವಂತಿಲ್ಲ. ಕ್ರಷರ್‌ಗಳಿಗೆ ಸುರಕ್ಷಿತ ವಲಯ, ಪರವಾನಗಿಗಳನ್ನು ವಿಧಿಸುವ ರಾಜ್ಯ ಅಧಿನಿಯಮ 2011ರದು. ಪರವಾನಗಿ ನೀಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ಹೇಳಿತು. ವನ್ಯಧಾಮದ ಒಳಗೂ ಅದರ ಎಲ್ಲೆಯಿಂದ ಒಂದು ಕಿಲೋಮೀಟರಿನೊಳಗೂ ಗಣಿಗಾರಿಕೆ ಕೂಡದೆಂಬುದನ್ನು 2023ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟಪಡಿಸಿತು. ಗುಡೇಕೋಟೆಯಂಥ ಊರಿಗೆ ಇದು ಸಣ್ಣ ಮಾತಲ್ಲ.

ಮನೆತನದ ಉದ್ಯಮವನ್ನು ಮನೆತನದ್ದೆಂಬ ಕಾರಣಕ್ಕೆ ದೂರುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲಿಯೋ ಕುಳಿತ ಕಂಪನಿಗಿಂತ ಊರಿನ ಜಾತ್ರೆಯಲ್ಲಿ ಎದುರಾಗುವ ಮನೆಯವರನ್ನು ಪ್ರಶ್ನಿಸುವುದು ಸುಲಭ, ಸುಲಭವಾಗಬೇಕು. ಹಾಗಾಗದಿರಲು ಕಾರಣ ದಾಕ್ಷಿಣ್ಯ, ಜೊತೆಗೆ ಕೂಲಿಯ ಹಂಗು. ಅಣ್ಣನೋ ಮಾವನೋ ಅಲ್ಲಿ ಟಿಪ್ಪರ್ ಓಡಿಸುತ್ತಿರುವಾಗ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದು ಹೇಗೆ? ಆದರೂ ಗುತ್ತಿಗೆಯ ಅವಧಿ ಮುಗಿದ ಮೇಲೆ ನೀರು ತುಂಬಿ ನಿಲ್ಲುವ, ಬೇಲಿಯಿಲ್ಲದ ಹೊಂಡ ಯಾರ ಪಿತ್ರಾರ್ಜಿತ? ಆಸ್ತಿ ಪಾಲಾಗುವಾಗ ಅದು ಯಾವ ಮಗನ ಪಾಲಿಗೂ ಬರುವುದಿಲ್ಲ, ಊರಿನ ದನಕರು-ಮಕ್ಕಳ ಪಾಲಿಗೆ ಬರುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಪರಿಸರ ಅನುಮತಿ ಪಡೆದವರು ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಬೇಕು, ಪಂಚಾಯಿತಿ ಅದನ್ನು 30 ದಿನ ಪ್ರದರ್ಶಿಸಬೇಕು. ಷರತ್ತುಗಳ ಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕು; ಅದು ಸಾರ್ವಜನಿಕ ದಾಖಲೆ. ಪಂಚಾಯಿತಿಯಲ್ಲಿ ಕೇಳಿರಿ, ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ. ಹೊಂಡದ ಆಳ, ನೆಟ್ಟ ಗಿಡ, ನೀರು ಸಿಂಪಡಿಸುವ ವ್ಯವಸ್ಥೆ ಕಾಗದದಲ್ಲಿ ಎಷ್ಟಿದೆ, ಸ್ಥಳದಲ್ಲಿ ಎಷ್ಟಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಮೇತ ಬರೆದಿಡಿರಿ. ಗುತ್ತಿಗೆ ನವೀಕರಣದ ಮಾತು ಬಂದಾಗ ಮನೆತನದವರು ತಮ್ಮ ಅಜ್ಜನ ಕಥೆ ಹೇಳಲಿ. ಅದೇ ಸಭೆಯಲ್ಲಿ ಈ ನೋಟ್‌ಬುಕ್ಕನ್ನೂ ಓದಿರಿ.