ಹಾಕಾಕ್ಕೆ ಚಪ್ಪಾಳೆ, ಹಾಲಕ್ಕಿಗೆ ಮೌನ

ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಒಂದು ಕಾಲಕ್ಕೆ ರಜೆಯೆಂದರೆ ಮಂಗಳೂರಿಗೋ ಬೆಂಗಳೂರಿಗೋ ಹೋಗುವ ವಿಮಾನವಾಗಿತ್ತು. ಈಗ ಹಾಗಿಲ್ಲ. ಡಿಸೆಂಬರಿನಲ್ಲಿ ಮಕ್ಕಳ ಶಾಲೆ ಮುಚ್ಚಿದೊಡನೆ ದುಬೈನಿಂದ ಆಕ್ಲೆಂಡಿಗೆ ಸುಮಾರು ಹದಿನಾರು ಗಂಟೆಗಳ ನೇರ ವಿಮಾನವಿದೆ. ಅಲ್ಲಿಂದ ಮುಂದೆ ನ್ಯೂಝಿಲೆಂಡಿನ ಬಡಗಣ ಕರಾವಳಿ. ಕಡಲಂಚಿನಲ್ಲಿ ಪೊಹುಟುಕಾವಾ ಮರಗಳು ಕೆಂಪಗೆ ಹೂಬಿಟ್ಟು ನಿಂತಿರುವ ಕಾಲ. ಬಸ್ಸುಗಳು ಮರಳಿನ ಮೇಲೆಯೇ ಓಡುವ ನೈಂಟಿ ಮೈಲ್ ಬೀಚ್, ವೈಪೊವಾ ಕಾಡಿನ ತಾನೆ ಮಹುಟಾ ಎಂಬ ಸಾವಿರ ವರ್ಷಕ್ಕೂ ಹಳೆಯ ಕೌರಿ ಮರ, ಎರಡು ಸಮುದ್ರಗಳು ಕೂಡುವ ತೆ ರೆರೆಂಗಾ ವೈರುವಾ ಭೂಶಿರ. ಸತ್ತವರ ಆತ್ಮಗಳು ಆ ತುದಿಯಿಂದಲೇ ಪೂರ್ವಜರ ನಾಡಿಗೆ ಹೊರಡುತ್ತವೆಂಬುದು ಮಾವೊರಿಗಳ ನಂಬಿಕೆ. ವೈಟಾಂಗಿಯಲ್ಲಿ ಸಂಜೆ ಹಾಕಾ ಕುಣಿತ, ಮೂಗಿಗೆ ಮೂಗು ತಾಗಿಸುವ ಹೊಂಗಿ ಎಂಬ ನಮಸ್ಕಾರ, ಕೆತ್ತನೆಯ ಸಭಾಮನೆ, ಮೂವತ್ತೈದು ಮೀಟರಿನ ಯುದ್ಧದೋಣಿ.

ಮರಳಿ ಬಂದ ಮೇಲೆ ರೀಮ್‌ನ ಯಾವುದೋ ಗೋಪುರದ ಮೂವತ್ತನೆಯ ಮಹಡಿಯಲ್ಲಿ ನೆಂಟರಿಷ್ಟರು ಸೇರುತ್ತಾರೆ. ಚಿತ್ರಗಳು ಕೈಯಿಂದ ಕೈಗೆ ಹೋಗುತ್ತವೆ. ಮಕ್ಕಳು ನಾಲಿಗೆ ಚಾಚಿ, ತೊಡೆ ತಟ್ಟಿ ಹಾಕಾ ಆಡಿ ತೋರಿಸುತ್ತಾರೆ. ಹಿರಿಯರು ಒಂದು ಮಾತು ಹೇಳಿಯೇ ಹೇಳುತ್ತಾರೆ: "ಪರಂಪರೆ ಉಳಿಸಿಕೊಳ್ಳುವುದೆಂದರೆ ಹೀಗಿರಬೇಕು."

ಮಾತು ತಪ್ಪಲ್ಲ. ಆದರೆ ಉಳಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಹಾಕಾ ಉಳಿದದ್ದು ಪ್ರವಾಸಿಗರ ಚಪ್ಪಾಳೆಯಿಂದಲ್ಲ. ಮಾವೊರಿಗಳು ತಮ್ಮ ಪರಂಪರೆಯನ್ನು ಮನರಂಜನೆಯಾಗಿ ಮಾತ್ರ ಒಪ್ಪಿಸದೆ ಹಕ್ಕಿನ ದಾಖಲೆಯಾಗಿ ಮುಂದಿಟ್ಟರು. ನೆಲ, ನದಿ, ಕಡಲತಡಿ, ನುಡಿ ಇವುಗಳ ಮೇಲಿನ ತಮ್ಮ ಹಕ್ಕನ್ನು ಆ ಪರಂಪರೆಯ ಬಲದಿಂದಲೇ ಕೇಳಿದರು. ಪ್ರವಾಸಿ ಕನ್ನಡಿಗ ಆ ಕತೆಯ ಮೊದಲರ್ಧವನ್ನು ನೋಡಿ ಚಪ್ಪಾಳೆ ತಟ್ಟುತ್ತಾನೆ. ಎರಡನೆಯ ಅರ್ಧ ಅವನಿಗೆ ಬೇಡ. ಬೇಕೆಂದರೆ ಅದು ಅವನ ಸ್ವಂತ ನಾಡಿನ ಬಡಗಣ ಕರಾವಳಿಯ ಕಡೆಗೆ ಬೆರಳು ತೋರಿಸುತ್ತದೆ.

ಆ ಎರಡನೆಯ ಅರ್ಧವನ್ನು ಚುಟುಕಾಗಿ ನೆನಪಿಸಿಕೊಳ್ಳಬೇಕು. 1840ರ ಫೆಬ್ರವರಿ 6ರಂದು ವೈಟಾಂಗಿಯಲ್ಲಿ ಬ್ರಿಟಿಷರಿಗೂ ಮಾವೊರಿ ಮುಖಂಡರಿಗೂ ಒಪ್ಪಂದವಾಯಿತು. ಇಂಗ್ಲಿಷ್ ಪಾಠದಲ್ಲಿ ಸಾರ್ವಭೌಮತ್ವವೇ ಬ್ರಿಟಿಷ್ ರಾಣಿಗೆ ಸಂದಿತು. ಮಾವೊರಿ ಪಾಠದಲ್ಲಿ ಸಂದದ್ದು ಆಡಳಿತ ಮಾತ್ರ, ನೆಲದ ಮೇಲಿನ ಒಡೆತನದ ಅಧಿಕಾರ ಮುಖಂಡರಲ್ಲೇ ಉಳಿಯಿತು. ಒಂದೇ ಒಪ್ಪಂದ, ಎರಡು ಅರ್ಥ. ಮುಂದೆ ಯುದ್ಧ, ಜಪ್ತಿ, ಖರೀದಿ, ಕಾಯಿದೆಗಳ ಮೂಲಕ ನೆಲದ ಬಹುಪಾಲು ಕೈತಪ್ಪಿತು. ಶಾಲೆಯಲ್ಲಿ ತಾಯ್ನುಡಿ ಆಡಿದ ಮಕ್ಕಳಿಗೆ ಏಟು ಬಿತ್ತು. 1975ರ ಸೆಪ್ಟೆಂಬರ್ 14ರಂದು, ಪ್ರವಾಸಿ ಬಸ್ಸುಗಳು ಇಂದು ಓಡಾಡುವ ಅದೇ ಬಡಗಣ ತುದಿಯ ತೆ ಹಾಪುವಾ ಎಂಬ ಹಳ್ಳಿಯಿಂದ, 79 ವರ್ಷದ ವಿನಾ ಕೂಪರ್ ಎಂಬ ಮಹಿಳೆಯ ಮುಂದಾಳ್ತನದಲ್ಲಿ ಒಂದು ಕಾಲ್ನಡಿಗೆ ಹೊರಟಿತು. ಇನ್ನು ಒಂದೆಕರೆಯೂ ಹೋಗಕೂಡದೆಂಬುದು ಅದರ ಘೋಷಣೆ. ಸುಮಾರು ಸಾವಿರ ಕಿಲೋಮೀಟರ್ ನಡೆದು ಅದು ಅಕ್ಟೋಬರ್ 13ರಂದು ವೆಲಿಂಗ್ಟನ್ನಿನ ಸಂಸತ್ತನ್ನು ಮುಟ್ಟಿತು. ಅದೇ ವರ್ಷ ವೈಟಾಂಗಿ ನ್ಯಾಯಮಂಡಳಿ ಸ್ಥಾಪನೆಯಾಯಿತು. 1985ರಲ್ಲಿ 1840ರವರೆಗಿನ ಹಳೆಯ ಅನ್ಯಾಯಗಳನ್ನೂ ವಿಚಾರಿಸುವ ಅಧಿಕಾರ ಅದಕ್ಕೆ ದೊರಕಿತು. 1987ರಲ್ಲಿ ಮಾವೊರಿ ನುಡಿ ಅಧಿಕೃತ ಭಾಷೆಯಾಯಿತು.

ಆ ನ್ಯಾಯಮಂಡಳಿಯ ಒಂದು ಪದ್ಧತಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದು ಮಾವೊರಿಗಳ ಸಭಾಂಗಣಕ್ಕೇ ಹೋಗಿ ಅಹವಾಲು ಕೇಳುತ್ತದೆ. ಹಿರಿಯರ ಬಾಯಿಮಾತು, ವಂಶಾವಳಿಯ ಪಠಣ, ಹಾಡು ಇವೆಲ್ಲ ಅಲ್ಲಿ ಸಾಕ್ಷ್ಯ. ಕಾಗದವಿಲ್ಲದ ಜನಕ್ಕೆ ಹಾಡೇ ಪಹಣಿ ಎಂಬುದನ್ನು ಒಂದು ಪ್ರಭುತ್ವ, ಒಲ್ಲದ ಮನಸ್ಸಿನಿಂದಲೇ ಆದರೂ, ಒಪ್ಪಿಕೊಂಡಿತು.

ಹಾಗೆಂದು ನ್ಯೂಝಿಲೆಂಡ್ ಸ್ವರ್ಗವಲ್ಲ. ಅಲ್ಲಿನ ಸೆರೆಮನೆಗಳಲ್ಲಿ ಇರುವವರ ಅರ್ಧದಷ್ಟು ಮಂದಿ ಮಾವೊರಿಗಳು. ಕಡಲತಡಿಯ ಮೇಲಿನ ಸಾಂಪ್ರದಾಯಿಕ ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಬಹುದೆಂದು 2003ರಲ್ಲಿ ತೀರ್ಪು ಬಂದಾಗ, ಮರುವರ್ಷವೇ ಸರ್ಕಾರ ಕಾಯಿದೆ ತಂದು ಆ ಬಾಗಿಲನ್ನು ಮುಚ್ಚಿತು. 2011ರಲ್ಲಿ ಆ ಕಾಯಿದೆಯ ಬದಲು ಇನ್ನೊಂದು ಬಂದರೂ ಜಗಳ ಮುಗಿದಿಲ್ಲ. 2024ರ ನವೆಂಬರಿನಲ್ಲಿ, ಒಪ್ಪಂದದ ಅರ್ಥವನ್ನೇ ಮರುವ್ಯಾಖ್ಯಾನಿಸುವ ಮಸೂದೆಯ ವಿರುದ್ಧ ಯುವ ಸಂಸದೆ ಹಾನಾ ರಾವಿಟಿ ಮೈಪಿ-ಕ್ಲಾರ್ಕ್ ಸದನದಲ್ಲೇ ಹಾಕಾ ಆರಂಭಿಸಿದರು. ಕೆಲವೇ ದಿನಗಳಲ್ಲಿ ಹತ್ತಾರು ಸಾವಿರ ಜನ ಸಂಸತ್ತಿನ ಮುಂದೆ ನೆರೆದರು. 2025ರ ಏಪ್ರಿಲ್ 10ರಂದು ಆ ಮಸೂದೆ 112–11 ಮತಗಳಿಂದ ಬಿದ್ದುಹೋಯಿತು. ಸದನದ ಹಾಕಾದ ವಿಡಿಯೊ ಕೊಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲೂ ಹರಿದಾಡಿತು. ಮಸೂದೆ ಏನೆಂದು ಎಷ್ಟು ಮಂದಿ ಕೇಳಿದರು?

ಕನ್ನಡಕ್ಕೂ ಒಂದು ಬಡಗಣ ಕರಾವಳಿಯಿದೆ. ಕಾರವಾರದಿಂದ ಭಟ್ಕಳದವರೆಗೆ ಹಬ್ಬಿರುವ ಉತ್ತರ ಕನ್ನಡದ ಕಡಲತಡಿ. ರವೀಂದ್ರನಾಥ ಟಾಗೋರರು ಎಳೆಯ ವಯಸ್ಸಿನಲ್ಲಿ ಕಂಡು ಮರುಳಾದ ತೀರ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಕಾನೂನು ಮುರಿದು ಉಪ್ಪು ತೆಗೆದ ಜನರ ತೀರ. ಉಪ್ಪುನೀರಿನಲ್ಲೂ ತೆನೆಬಿಡುವ ಕಗ್ಗ ಭತ್ತದ ಗಜನಿಗಳು, ಬಳಚು ಆಯುವ ಹೆಂಗಸರು, ಕಾಂಡ್ಲಾ ಕಾಡು ಇರುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ರೀಮ್‌ನ ಕುಟುಂಬಗಳು ವಾರಾಂತ್ಯಕ್ಕೆ ಜುಬೈಲ್ ದ್ವೀಪಕ್ಕೆ ಹೋಗಿ, ಟಿಕೆಟ್ ಕೊಟ್ಟು, ಮರದ ಕಾಲುದಾರಿಯ ಮೇಲೆ ನಡೆದು ನೋಡುವುದೂ ಕಾಂಡ್ಲಾ ಕಾಡನ್ನೇ. ಆದರೆ ಆ ಮಕ್ಕಳಿಗೆ 'ಮ್ಯಾಂಗ್ರೋವ್' ಗೊತ್ತು. 'ಕಾಂಡ್ಲಾ' ಎಂಬ ಕನ್ನಡದ ಮಾತು ಗೊತ್ತಿಲ್ಲ.

ಈ ಕರಾವಳಿಯ ಜನರಲ್ಲಿ ಹಾಲಕ್ಕಿ ಒಕ್ಕಲಿಗರೂ ಒಬ್ಬರು. ಕೊಪ್ಪಗಳಲ್ಲಿ ಒಟ್ಟಾಗಿ ಬಾಳುವವರು. ಗೌಡ, ಬುಧವಂತ, ಕೋಲಕಾರ ಎಂಬ ತಮ್ಮದೇ ನ್ಯಾಯವ್ಯವಸ್ಥೆ ಇಟ್ಟುಕೊಂಡವರು. ಸುಗ್ಗಿಯ ಕುಣಿತದ ತುರಾಯಿ, ಗುಮಟೆಯ ನಾದ, ಹೆಂಗಸರ ಕೊರಳ ತುಂಬ ಕರಿಮಣಿ. ಎಲ್. ಆರ್. ಹೆಗಡೆ, ಎನ್. ಆರ್. ನಾಯಕ, ಶಾಂತಿ ನಾಯಕ ಮೊದಲಾದ ವಿದ್ವಾಂಸರು ಈ ಭಾಗದ ಹಾಡು ಕತೆಗಳನ್ನು ಸಂಗ್ರಹಿಸುತ್ತ ಬದುಕು ಸವೆಸಿದರು. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಹೊತ್ತಿದ್ದರು. ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಕಟ್ಟಿ ನಿಲ್ಲಿಸಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಿನಗೂಲಿಯಾಗಿ ದುಡಿಯುತ್ತ ಗಿಡಗಳನ್ನು ಬೆಳೆಸಿದವರು. 2021ರ ನವೆಂಬರಿನಲ್ಲಿ ಅವರು ಬರಿಗಾಲಿನಲ್ಲಿ, ತಮ್ಮ ಜನದ ಉಡುಗೆಯಲ್ಲೇ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದ ಚಿತ್ರವನ್ನು ಅನಿವಾಸಿ ಕನ್ನಡಿಗರು ಹೆಮ್ಮೆಯಿಂದ ಹಂಚಿಕೊಂಡರು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ ತೀರಿಕೊಂಡರು, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ. ಮತ್ತೆ ಚಿತ್ರಗಳು, ಮತ್ತೆ ಕೈಮುಗಿದ ಗುರುತುಗಳು.

ಈ ಇಬ್ಬರೂ ಹುಟ್ಟಿದ ಸಮುದಾಯ ತನ್ನನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ದಶಕಗಳಿಂದ ಕೇಳುತ್ತಿದೆ. ಸುಕ್ರಜ್ಜಿಯೂ ಅದನ್ನೇ ಕೇಳುತ್ತಿದ್ದರು. ಆ ಬೇಡಿಕೆ ಈಡೇರುವುದನ್ನು ನೋಡದೆಯೇ ಅವರು ಹೋದರು.

ಇದು ಬರೀ ಮೀಸಲಾತಿಯ ಮಾತೆಂದು ಮೂಗು ಮುರಿಯುವವರು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಒಮ್ಮೆ ಓದಬೇಕು. ಉತ್ತರ ಕನ್ನಡದ ಬಹುಪಾಲು ನೆಲ ಅರಣ್ಯವೆಂದು ದಾಖಲಾಗಿದೆ. ಅಲ್ಲಿ ಉಳುವ, ಬದುಕುವ ಮನುಷ್ಯ ಪರಿಶಿಷ್ಟ ಪಂಗಡದವನಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ತಾನು ಅಲ್ಲಿದ್ದೆನೆಂದು ತೋರಿಸಿದರೆ ಸಾಕು. ಅಲ್ಲದಿದ್ದರೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತು ಮಾಡಬೇಕು. ಹಾಲಕ್ಕಿಗಳು ಎರಡನೆಯ ಸಾಲಿನಲ್ಲಿ ನಿಂತಿದ್ದಾರೆ. 1930ರ ಕಾಗದ ಕೊಪ್ಪದ ಹುಲ್ಲುಮಾಡಿನಲ್ಲಿ ಎಲ್ಲಿ ಸಿಗಬೇಕು? ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಆ ಕಾಯಿದೆಯ ನಿಯಮಗಳೇ ಹೇಳುತ್ತವೆ. ಆದರೆ ಜಿಲ್ಲೆಯಲ್ಲಿ ಸಲ್ಲಿಕೆಯಾದ ಅರ್ಜಿಗಳ ಬಹುಪಾಲು ತಿರಸ್ಕೃತವಾಗಿದೆ. ವೈಟಾಂಗಿಯಲ್ಲಿ ಸಾಕ್ಷಿಯ ಕಟ್ಟೆ ಹತ್ತಿದ ಹಾಡು ಅಂಕೋಲೆಯಲ್ಲಿ ಉತ್ಸವದ ವೇದಿಕೆ ಹತ್ತಿ ಇಳಿಯುತ್ತದೆ. ಹಾಡಿದವರಿಗೆ ಶಾಲು, ಫಲಕ. ಹಾಡು ಹೇಳಿದ ನೆಲಕ್ಕೆ ಒಕ್ಕಲೆಬ್ಬಿಸುವ ಭೀತಿ.

ಕಾಗದ ಎಂದರೆ ಏನೆಂದು ರೀಮ್‌ನ ಕನ್ನಡಿಗನಿಗಿಂತ ಚೆನ್ನಾಗಿ ಬಲ್ಲವರು ಯಾರು? ವೀಸಾ, ಎಮಿರೇಟ್ಸ್ ಐಡಿ, ಬಾಡಿಗೆಯ ಕರಾರು ಇವುಗಳಲ್ಲಿ ಒಂದರ ಅವಧಿ ಮುಗಿದರೂ ಇಪ್ಪತ್ತು ವರ್ಷದ ಬದುಕು ಪೆಟ್ಟಿಗೆಗೆ ಇಳಿಯಬೇಕಾಗುತ್ತದೆ. ಆದರೆ ಅವನು ತಾನೇ ಒಪ್ಪಿ ಬಂದ ಅತಿಥಿ. ಮರಳಲು ಅವನಿಗೊಂದು ಊರಿದೆ. ಹಾಲಕ್ಕಿ ಮುದುಕಿಗೆ ಬೇರೆ ಊರಿಲ್ಲ. ಇರುವ ಊರಿನಲ್ಲೇ ಆಕೆ ಪರಕೀಯಳಲ್ಲವೆಂದು ಸಾಬೀತು ಮಾಡಬೇಕು.

ಕಡಲತಡಿಯ ಕತೆಯೂ ಇದೇ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. ಅರ್ಗಾ, ಬಿಣಗಾ, ಚೆಂಡಿಯಾ, ಅಲಿಗದ್ದಾ ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ನೆಲ ಬಿಟ್ಟವು. ನೌಕಾನೆಲೆ ಬೇಕೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ದೇಶಕ್ಕೆ ನೆಲ ಕೊಟ್ಟವರನ್ನು ನ್ಯಾಯವಾದ ಪರಿಹಾರಕ್ಕಾಗಿ ದಶಕಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿಸಿದ್ದು ಪ್ರಶ್ನೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಹೆಂಗಸರು ಮೀನು ಒಣಗಿಸುವ, ಕಡಲಾಮೆಗಳು ಮೊಟ್ಟೆಯಿಡುವ ಮರಳ ಮೇಲೆ ಖಾಸಗಿ ಬಂದರು ಬರುತ್ತಿದೆ. ವಿರೋಧಿಸಿದ ಮೀನುಗಾರರ ಮೇಲೆ ಮೊಕದ್ದಮೆಗಳು ಬಿದ್ದಿವೆ. ಈಗ ಅಂಕೋಲೆಯ ಕೇಣಿಯಲ್ಲಿ ಇನ್ನೊಂದು ಬೃಹತ್ ಬಂದರಿನ ಯೋಜನೆ ಬಂದಿದೆ. ಉಪ್ಪಿನ ಸತ್ಯಾಗ್ರಹದ ಊರು ಮತ್ತೊಮ್ಮೆ ಕಡಲ ಮೇಲಿನ ತನ್ನ ಹಕ್ಕಿಗಾಗಿ ಬೀದಿಗಿಳಿದಿದೆ.

ಇದಕ್ಕೆ ಅನಿವಾಸಿಗಳ ನಡುವೆ ಸಿದ್ಧ ಉತ್ತರಗಳಿವೆ. ಅಭಿವೃದ್ಧಿ ಬೇಡವೇ, ಅಬುಧಾಬಿಯನ್ನು ನೋಡಿ, ಇಲ್ಲಿ ಸಮುದ್ರದಿಂದಲೇ ನೆಲ ತೆಗೆದು ನಗರ ಕಟ್ಟಿದ್ದಾರೆ ಎಂಬುದು ಮೊದಲನೆಯದು. ಟೊಂಕದಲ್ಲಿ ತೆಗೆಯುತ್ತಿರುವುದು ಸಮುದ್ರದಿಂದ ನೆಲವನ್ನಲ್ಲ, ಜನರಿಂದ ಸಮುದ್ರವನ್ನು. ಹಾಲಕ್ಕಿಗಳನ್ನು ಮಾವೊರಿಗಳಿಗೆ ಹೋಲಿಸುವುದು ಅತಿಯಾಯಿತು, ಅಲ್ಲಿ ಬಂದವರು ಬಿಳಿಯರು, ಇಲ್ಲಿರುವುದು ನಮ್ಮವರದೇ ಸರ್ಕಾರ ಎಂಬುದು ಎರಡನೆಯದು. ಚರಿತ್ರೆಗಳು ಬೇರೆ ಎಂಬುದು ನಿಜ. ಆದರೆ ನಮ್ಮವರದೇ ಸರ್ಕಾರ ಎಂಬುದು ಕರ್ತವ್ಯವನ್ನು ಹೆಚ್ಚಿಸಬೇಕೇ ಹೊರತು ಅನ್ಯಾಯವನ್ನು ಹಗುರ ಮಾಡಲಾರದು. ಪರದೇಶದಲ್ಲಿ ಕುಳಿತವರು ಮಾಡುವುದೇನಿದೆ ಎಂಬುದು ಮೂರನೆಯದು, ಮತ್ತು ಎಲ್ಲಕ್ಕಿಂತ ಸುಖದ್ದು.

ಮಾಡುವುದಕ್ಕೆ ಬೇಕಾದಷ್ಟಿದೆ. ಊರಿನಲ್ಲಿ ಕಡಲು ಕಾಣುವ ಒಂದು ತುಂಡು ಜಾಗ ಕೊಳ್ಳಬೇಕೆಂಬ ಆಸೆ ಕೊಲ್ಲಿಯ ಸಂಬಳದ ಜೊತೆಗೇ ಬೆಳೆಯುತ್ತದೆ. ಗೋಕರ್ಣ, ಮುರ್ಡೇಶ್ವರಗಳ ಆಸುಪಾಸಿನ ನೆಲದ ಮೇಲೆ ಕಣ್ಣಿಟ್ಟವನು ಕರಾರಿಗೆ ಸಹಿ ಹಾಕುವ ಮೊದಲು, ನಿನ್ನೆಯವರೆಗೆ ಇಲ್ಲಿ ಬಲೆ ಒಣಗಿಸುತ್ತಿದ್ದವರು ಯಾರೆಂದು ಕೇಳಬಹುದು. ರಾಜ್ಯೋತ್ಸವದ ವೇದಿಕೆಯಲ್ಲಿ ಸುಗ್ಗಿ ಕುಣಿತ ಇಡುವ ಸಂಘಗಳು ಅದೇ ವೇದಿಕೆಯಲ್ಲಿ ಆ ಜನದ ಬೇಡಿಕೆಯನ್ನು ಓದಿ, ಊರಿನಿಂದ ಬರುವ ಮಂತ್ರಿ ಅತಿಥಿಗೆ ಮನವಿಯಾಗಿ ಕೊಡಬಹುದು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರಿಗೆ ಊರಿನ ಮತವೂ ಇದೆ. ಹೆಸರು ನೋಂದಾಯಿಸಿ, ಆ ದಿನ ಊರಿನಲ್ಲಿರಬೇಕು, ಅಷ್ಟೆ. ಆಕ್ಲೆಂಡಿಗೆ ಹದಿನಾರು ಗಂಟೆ ಹಾರಬಲ್ಲವರಿಗೆ ಇದು ದೂರವಲ್ಲ.

ಮುಂದಿನ ಡಿಸೆಂಬರಿನಲ್ಲೂ ರೀಮ್‌ನ ಮಕ್ಕಳು ವೈಟಾಂಗಿಗೆ ಹೋಗಲಿ. ಹಾಕಾ ಕಲಿಯಲಿ. ಹೋಗುವ ಮುನ್ನ ಅಥವಾ ಬಂದ ಮೇಲೆ ಒಮ್ಮೆ ಅಂಕೋಲೆಗೂ ಹೋಗಿ, ಬಡಗೇರಿಯ ಕೊಪ್ಪದ ಅಂಗಳದಲ್ಲಿ ಕುಳಿತು ಹಿರಿಯರ ಹಾಡು ಕೇಳಲಿ. ಹಾಡು ಮುಗಿದಾಗ ಚಪ್ಪಾಳೆ ತಟ್ಟುವ ಮೊದಲು ಒಂದು ಪ್ರಶ್ನೆ ಕೇಳುವುದನ್ನು ದೊಡ್ಡವರು ಅವರಿಗೆ ಕಲಿಸಲಿ: ಅಜ್ಜಿ, ಈ ಮನೆಯ ಪಟ್ಟೆ ನಿಮ್ಮ ಹೆಸರಿಗಾಗಿದೆಯೇ?