ಹೇರಳೆಕಾಯಿಯ ಕಂಪು, ಲೋಟದ ಅಳತೆ

ಆಸ್ಟ್ರೇಲಿಯದ ಪರ್ತ್ ನಗರದ ಆಗ್ನೇಯಕ್ಕೆ, ಕ್ಯಾನಿಂಗ್ ನದಿಯ ದಂಡೆಗೆ ಹೊಂದಿಕೊಂಡಿರುವ ಥಾರ್ನ್ಲಿ ಎಂಬ ಬಡಾವಣೆಯಲ್ಲಿ, ನನ್ನ ಸೋದರಳಿಯನ ಮನೆಯ ಹಿತ್ತಿಲಿನಲ್ಲಿ ಕುಳಿತು, ಬೇಸಗೆಯ ಒಂದು ಸಂಜೆ ನಾನು ಪೇಲ್ ಏಲ್ ಎಂಬ ಬಿಯರಿನ ರುಚಿಯನ್ನು ಮೊದಲ ಬಾರಿಗೆ ನೋಡಿದೆ. ಆ ನದಿಯು ಸ್ವಾನ್ ನದಿಯನ್ನು ಕೂಡಿಕೊಂಡು ಕಡಲನ್ನು ಸೇರುವ ಫ್ರೀಮ್ಯಾಂಟಲಿನಲ್ಲಿ, ಒಂದು ಕಾಲಕ್ಕೆ ಮೊಸಳೆಗಳನ್ನು ಸಾಕಿದ್ದ ಬಂದರಿನ ಕಟ್ಟಡದಲ್ಲಿ, 2000ನೆಯ ಇಸವಿಯಲ್ಲಿ ಆರಂಭವಾದ ಲಿಟಲ್ ಕ್ರೀಚರ್ಸ್ ಎಂಬ ಬ್ರೂವರಿಯ ಬಿಯರ್ ಅದು. 2012ರಲ್ಲಿ ಆ ಬ್ರೂವರಿ ಲಯನ್ ಎಂಬ ದೊಡ್ಡ ಕಂಪನಿಯ ಪಾಲಾಯಿತು. ಸಣ್ಣದಾಗಿ ಹುಟ್ಟಿ ಚೆನ್ನಾಗಿ ಬೆಳೆದ ಉದ್ಯಮಗಳಿಗೆ ಎಲ್ಲೆಡೆಯೂ ಒದಗುವ ಗತಿಯೇ ಇದು ಎಂಬುದು ನನಗೆ ಖೇದದ ಸಂಗತಿ.

"ಮಾವ, ಕುಡಿಯುವ ಮೊದಲು ಒಮ್ಮೆ ಮೂಸಿ ನೋಡಿ" ಎಂದ ಅಳಿಯ. ಮೂಸಿದೆ. ಚಿತ್ರಾನ್ನಕ್ಕೆಂದು ಹೇರಳೆಕಾಯಿಯನ್ನು ಹೆಚ್ಚುವಾಗ ಸಿಪ್ಪೆಯಿಂದ ಚಿಮ್ಮಿ ಬೆರಳಿಗೆ ಅಂಟಿಕೊಳ್ಳುವ ಎಣ್ಣೆಯ ಕಂಪು! ಅದು ಹಾಪ್ಸ್ ಎಂಬ ಹೂವಿನ ಗುಣವಂತೆ. ಜೇನಿನ ಬಣ್ಣದ ಆ ಪಾನೀಯವನ್ನು ಒಂದು ಗುಟುಕು ನಾಲಗೆಯ ಮೇಲೆ ನಿಲ್ಲಿಸಿದಾಗ ಮೊದಲು ಮಾಲ್ಟಿನ ಎಳೆಯ ಸಿಹಿಯೂ, ಅದು ಇಳಿದ ತರುವಾಯ ಹಾಗಲಕಾಯಿಯ ಗೊಜ್ಜಿನಲ್ಲಿ ಬೆಲ್ಲದ ಹಿಂದಿನಿಂದ ಏಳುವಂಥ ಕಹಿಯೂ ಅನುಭವಕ್ಕೆ ಬಂದವು. ನಮ್ಮ ತಾಯಂದಿರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸುತ್ತಿದ್ದ ಕ್ರಮದಲ್ಲಿಯೇ ಇಲ್ಲಿ ಬಾರ್ಲಿಯನ್ನು ಮಾಲ್ಟ್ ಮಾಡುತ್ತಾರೆ. ಹಿಂದೆ ಕಟ್ಟಿಗೆಯ ಬೆಂಕಿಯಲ್ಲಿ ಕಪ್ಪಾಗುತ್ತಿದ್ದ ಈ ಮಾಲ್ಟನ್ನು ಇಂಗ್ಲೆಂಡಿನವರು ಹೊಗೆಯಿಲ್ಲದ ಕೋಕ್ ಕಲ್ಲಿದ್ದಲಿನ ಕಾವಿನಲ್ಲಿ ಒಣಗಿಸಲು ಕಲಿತ ಮೇಲೆಯೇ ತಿಳಿಬಣ್ಣದ ಏಲ್ ಜನ್ಮ ತಾಳಿತು. ಲಂಡನ್ನಿನ ಹಾಡ್ಜ್‌ಸನ್ ಎಂಬಾತನ ಬೋ ಬ್ರೂವರಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳನ್ನೇರಿ ನಮ್ಮ ದೇಶಕ್ಕೂ ಬಂದ ಕುಲವೇ ಇದು. ದೀರ್ಘ ಪ್ರಯಾಣದಲ್ಲಿ ಅದು ಕೆಡದಂತೆ ಕಾದದ್ದು ಹಾಪ್ಸ್‌ನ ಅದೇ ಕಹಿ.

ಆದರೆ ರುಚಿಗಿಂತಲೂ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಬಾಟಲಿಯ ಹಿಂಬದಿಯ ಒಂದು ಸಣ್ಣ ಅಂಕಿ. 330 ಮಿಲಿಲೀಟರಿನ, ಶೇಕಡಾ 5.2 ಆಲ್ಕೋಹಾಲಿನ ಆ ಬಾಟಲಿಯಲ್ಲಿ 1.4 ಸ್ಟ್ಯಾಂಡರ್ಡ್ ಡ್ರಿಂಕ್ ಇದೆಯೆಂದು ಅಲ್ಲಿ ಅಚ್ಚಾಗಿತ್ತು. ಆಸ್ಟ್ರೇಲಿಯದಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಎಂದರೆ 10 ಗ್ರಾಮ್ ಆಲ್ಕೋಹಾಲು. ಆರೋಗ್ಯವಂತ ವಯಸ್ಕರು ವಾರಕ್ಕೆ ಇಂಥ ಹತ್ತು ಡ್ರಿಂಕುಗಳನ್ನೂ, ಯಾವ ಒಂದು ದಿನಕ್ಕೂ ನಾಲ್ಕನ್ನೂ ಮೀರಬಾರದೆಂಬುದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಮಂಡಳಿಯು 2020ರಲ್ಲಿ ಕೊಟ್ಟ ಸಲಹೆ. ಅಂದು ನಮ್ಮೊಡನಿದ್ದ ಅತಿಥಿಯೊಬ್ಬರು ಆ ಅಂಕಿಯನ್ನು ಓದಿ, "ನನಗೆ ಒಂದೇ ಸಾಕು, ಕಾರು ಓಡಿಸಬೇಕು" ಎಂದು ಎರಡನೆಯ ಬಾಟಲಿಯನ್ನು ನಿರಾಕರಿಸಿದರು. ಯಾರೂ ಅವರನ್ನು ಒತ್ತಾಯಿಸಲಿಲ್ಲ.

ನಮ್ಮಲ್ಲಿ ಹೆಂಡ, ಬಿಯರ್, ವಿಸ್ಕಿ ಎಲ್ಲಕ್ಕೂ ಕುಡಿತವೆಂಬ ಒಂದೇ ಹೆಸರು. ಸಭ್ಯರ ಮನೆಯಲ್ಲಿ ಆ ಮಾತನ್ನೇ ಆಡಬಾರದು, ಆಡಿದರೆ ಒಂದೋ ಶಾಪ, ಇಲ್ಲವೇ ಅಬಕಾರಿ ಆದಾಯದ ಲೆಕ್ಕ. ಮದ್ಯವನ್ನು ಮುಟ್ಟದವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ, ಕುಡಿತದಿಂದ ಹಾಳಾದ ಸಂಸಾರಗಳನ್ನು ಕಣ್ಣಾರೆ ಕಂಡಿದ್ದೇನೆ. ಆದುದರಿಂದಲೇ, ಕುಡಿಯುವವನಿಗೆ ತಾನು ಕುಡಿಯುತ್ತಿರುವುದೆಷ್ಟು ಎಂಬುದು ತಿಳಿದಿರಲೇಬೇಕೆಂದು ವಾದಿಸುತ್ತೇನೆ. ವಾಹನ ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ ಆಸ್ಟ್ರೇಲಿಯದ ಕಾನೂನು 50 ಮಿಲಿಗ್ರಾಮ್ ಆಲ್ಕೋಹಾಲಿಗೆ ಗೆರೆ ಎಳೆದರೆ ನಮ್ಮ ಕಾನೂನು 30ಕ್ಕೇ ಎಳೆದಿದೆ. ಇಷ್ಟು ಬಿಗಿಯಾದ ಗೆರೆಯನ್ನು, ಲೋಟದ ಅಳತೆಯನ್ನೇ ಅರಿಯದವನು ಪಾಲಿಸುವುದೆಂತು?

ಬೆಂಗಳೂರಿನಲ್ಲಿ ತಮ್ಮ ಬಿಯರನ್ನು ತಾವೇ ತಯಾರಿಸಿ ಬಡಿಸುವ ಮೈಕ್ರೋಬ್ರೂವರಿಗಳಿಂದಲೇ ಈ ಅಳತೆಯನ್ನು ತಿಳಿಸುವ ಕಾರ್ಯ ಆರಂಭವಾಗಲಿ. ಮೆನುವಿನಲ್ಲಿ ಪ್ರತಿಯೊಂದು ಲೋಟದ ಬೆಲೆಯ ಪಕ್ಕದಲ್ಲಿ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ, ಅದರೊಳಗಿನ ಆಲ್ಕೋಹಾಲು ಎಷ್ಟು ಗ್ರಾಮ್ ಎಂಬುದನ್ನು ಕನ್ನಡದಲ್ಲಿ ಅಚ್ಚು ಮಾಡಿಸಬೇಕು.