ನಯಾಗರದ ಮುಂದೆ ತಾಯ್ತಂದೆಯರು

ಅಮೆರಿಕೆಯಲ್ಲಿ ನೆಲಸಿದ ಮಕ್ಕಳು, ಊರಿನಿಂದ ಬಂದ ವೃದ್ಧ ತಾಯ್ತಂದೆಯರಿಗೆ ನೀಲಿ ಮಳೆಯಂಗಿ ತೊಡಿಸಿ, ದೋಣಿ ಹತ್ತಿಸಿ, ನಯಾಗರದ ತುಂತುರಿನಲ್ಲಿ ತೋಯಿಸಿ, ಕತ್ತಲಾಗುವ ಮುನ್ನವೇ ಮನೆಗೆ ಮರಳಿಸುವ ಆತುರವು ಮಾತಾಪಿತೃಭಕ್ತಿಯ ಲಕ್ಷಣವೆಂದು ನನಗೆ ತೋರದು. ‘ನಮ್ಮ ಜೋಗ ಇದಕ್ಕಿಂತ ಎತ್ತರ’ ಎಂದು ತಂದೆ ನುಡಿದೊಡನೆ ಮಗನು ಮುಖ ಸಿಂಡರಿಸುವುದುಂಟು; ಆದರೆ ಇಲ್ಲಿಯ ಕುದುರೆಲಾಳದ ಜಲಪಾತ ಸುಮಾರು 57 ಮೀಟರ್, ಜೋಗದ ರಾಜಾ ಧಾರೆ ಸುಮಾರು 253 ಮೀಟರ್ ಇರಲಾಗಿ, ಆ ಮಾತು ಬರಿಯ ಅಭಿಮಾನವಲ್ಲ, ಸತ್ಯ. ವಿದ್ಯುತ್ತಿಗಾಗಿ ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ತಡೆದುದನ್ನು ಬಲ್ಲ ಆ ಹಿರಿಯರು, ಇಲ್ಲಿಯ ನೀರನ್ನೂ ಅಮೆರಿಕೆ-ಕೆನಡಾಗಳ 1950ರ ಒಪ್ಪಂದದಂತೆ ಪ್ರವಾಸಕಾಲದ ಹಗಲಿಗೆ ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ, ಉಳಿದ ವೇಳೆಗೆ ಅದರರ್ಧ ಎಂದು ಅಳೆದು ಬಿಡುವ ಮರ್ಮವನ್ನು ಬೇಗನೆ ಗ್ರಹಿಸಬಲ್ಲರು. ಆದುದರಿಂದ ಅವರನ್ನು ಅಲ್ಲಿಯೇ ಒಂದು ರಾತ್ರಿ ತಂಗಿಸಿ, ಕಟಾಂಜನದ ಬಳಿ ಮನದಣಿಯೆ ನಿಲ್ಲಗೊಟ್ಟು, ಅವರ ತುಲನೆಯನ್ನು ತಾಳ್ಮೆಯಿಂದ ಆಲಿಸುವುದೇ ಮಕ್ಕಳ ಧರ್ಮ.